ಜಡೆ ಹೆಣೆದಾಯ್ತು, ಬಿಚ್ಚೋರು ಯಾರು?

ನವೆಂಬರ್ ಬಂತು ಅಂದ್ರೆ ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಕೋಲಾಟಕ್ಕೆ ಬೇಡಿಕೆ. ರಾಜ್ಯೋತ್ಸವ ಇರೋದು ಒಂದನೇ ತಾರೀಖು, ಆದರೆ ಕಂಪನಿಗಳ ಕನ್ನಡ ಬಳಗದವರಿಗೆ ಆಡಿಟೋರಿಯಂ ಸಿಕ್ಕ ಶುಕ್ರವಾರವೇ ರಾಜ್ಯೋತ್ಸವ. ಡೊಳ್ಳು ಹೊರೋಕೆ ರಟ್ಟೆ ಬೇಕು, ವೀರಗಾಸೆಗೆ ಗಂಟಲು ಬೇಕು, ಕಂಸಾಳೆ ಬೀಸೋಕೆ ಹೋದರೆ ಪಕ್ಕದವನ ಹಣೆಗೆ ಹೊಲಿಗೆ ಬೀಳುತ್ತೆ. ಕೋಲಾಟ ಹಾಗಲ್ಲ. ಎರಡು ಕೋಲು, ಒಂದು ಜುಬ್ಬಾ, ಯೂಟ್ಯೂಬಿಂದ ಇಳಿಸಿಕೊಂಡ ಒಂದು ಹಾಡು. ಮೂರು ಸಂಜೆ ಪ್ರಾಕ್ಟೀಸ್ ಮಾಡಿದರೆ ವೇದಿಕೆ ಹತ್ತಬಹುದು. ಹತ್ತುತ್ತಾರೆ ಕೂಡ. ಹತ್ತು ಹನ್ನೆರಡು ವರ್ಷದಿಂದ ನಾನು ಇದನ್ನ ನೋಡ್ತಾ ಬಂದಿದ್ದೀನಿ, ಒಂದೆರಡು ಸಲ ವೇದಿಕೆಯ ಮೇಲೆ ನಿಂತೇ ನೋಡಿದ್ದೀನಿ.

ಈ ಕೋಲಾಟದ ಮೇಲೆ ನನಗೊಂದು ತಕರಾರಿದೆ. ಬಟ್ಟೆ ಬಗ್ಗೆ ಏನಿಲ್ಲ. ಕೊಪ್ಪ ಹೋಬಳಿಯ ನಮ್ಮೂರಲ್ಲೂ ಹಬ್ಬದ ರಾತ್ರಿ ಒಬ್ಬ ಪಂಚೆ ಕಟ್ಟಿರ್ತಾನೆ, ಪಕ್ಕದಲ್ಲಿ ಪ್ಯಾಂಟಿನವನು, ಅವನ ಪಕ್ಕ ಆರ್‌ಸಿಬಿ ಟೀಶರ್ಟು. ಎಲ್ಲರಿಗೂ ಒಂದೇ ಬಣ್ಣದ ಪೇಟ ಸುತ್ತಿಸೋದು ವೇದಿಕೆಯ ಕೆಲಸ, ಅದಕ್ಕೆ ನಾನೇನೂ ಅನ್ನಲ್ಲ. ನನ್ನ ತಕರಾರು ಎಣಿಕೆಯ ಬಗ್ಗೆ.

ಪ್ರಾಕ್ಟೀಸಿಗೆ ಬರುವ ಕೊರಿಯಾಗ್ರಫರ್ ಮೊದಲ ದಿನವೇ ಹೇಳಿಕೊಡೋದು "ಫೈವ್, ಸಿಕ್ಸ್, ಸೆವೆನ್, ಎಯ್ಟ್". ಎಂಟು ಎಣಿಸಿದರೆ ಒಂದು ಸುತ್ತು, ಮತ್ತೆ ಎಂಟಕ್ಕೆ ಜಾಗ ಬದಲು, ಇನ್ನೊಂದು ಎಂಟಕ್ಕೆ ಕೂತು ಏಳೋದು. ನಾಲ್ಕೂವರೆ ನಿಮಿಷಕ್ಕೆ ಹಾಡು ಮುಗಿಯುತ್ತೆ, ಕುಣಿತವೂ ಮುಗಿಯುತ್ತೆ. ಕೋಲುಗಳೆಲ್ಲ ಒಟ್ಟಿಗೆ ಬೀಳುತ್ತವೆ, ನೋಡೋಕೆ ಚಂದ. ಆದರೆ ಆ ಹದಿನಾರು ಜನರಲ್ಲಿ ಒಬ್ಬರಾದರೂ ಹಾಡು ಕೇಳಿಸಿಕೊಳ್ಳುತ್ತಿದ್ದಾರಾ ಅಂತ ಮುಖ ನೋಡಿ, ಗೊತ್ತಾಗುತ್ತೆ. ತುಟಿ ಅಲ್ಲಾಡ್ತಾ ಇರುತ್ತೆ, ಪದಕ್ಕಲ್ಲ, ಅಂಕಿಗೆ.

ಕೋಲಾಟ ಹೇಗೆ ಕಟ್ಟಿಕೊಂಡಿದೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಆಮೇಲೆ ನನ್ನ ತಕರಾರು ಸರಿಯೋ ತಪ್ಪೋ ನೀವೇ ಹೇಳಿ.

ಒಬ್ಬೊಬ್ಬರ ಕೈಯಲ್ಲಿ ಎರಡು ಕೋಲು, ಹೆಚ್ಚೂಕಮ್ಮಿ ಒಂದೂವರೆ ಅಡಿ. ಜನ ಸಮಸಂಖ್ಯೆಯಲ್ಲಿರಬೇಕು, ಯಾಕಂದ್ರೆ ಪ್ರತಿಯೊಬ್ಬನಿಗೂ ಒಬ್ಬ ಜೋಡಿ ಬೇಕು. ಎಲ್ಲಕ್ಕಿಂತ ಸುಲಭದ ಹೊಡೆತ ಹೀಗೆ: ತನ್ನ ಎರಡು ಕೋಲು ತಾನೇ ತಾಗಿಸೋದು, ಬಲಗಡೆಯವನ ಕೋಲಿಗೆ ಒಂದು, ಮತ್ತೆ ತನ್ನದಕ್ಕೆ ಒಂದು, ಎಡಗಡೆಯವನಿಗೆ ಒಂದು. ಇದರ ಮೇಲೆ ಒಳಸುತ್ತು ಹೊರಸುತ್ತು, ಎದುರುಬದುರು ದಾಟೋದು, ಕೂತು ಹೊಡೆಯೋದು, ತಿರುಗಿ ಬೆನ್ನ ಹಿಂದಿನವನಿಗೆ ಹೊಡೆಯೋದು. ಹೀಗೆ ಒಂದೊಂದು ವಿನ್ಯಾಸಕ್ಕೂ ಕೋಪು ಅಂತಾರೆ. ಒಬ್ಬ ಒಳ್ಳೆ ಕೋಲಾಟದ ಮೇಷ್ಟ್ರ ತಲೆಯಲ್ಲಿ ಎಷ್ಟೋ ಕೋಪು ಇರ್ತವೆ. ಇಲ್ಲಿವರೆಗೂ ವೇದಿಕೆಯ ಕೋಲಾಟಕ್ಕೂ ಊರಿನದಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ಕೋಪುಗಳನ್ನ ವಿಡಿಯೋ ನೋಡಿ ಕಲಿಯಬಹುದು.

ವ್ಯತ್ಯಾಸ ಇರೋದು ಹಾಡಿನ ಕಡೆ. ಊರಿನ ಕೋಲಾಟದಲ್ಲಿ ಒಬ್ಬ ಪದ ಎತ್ತಿಕೊಡ್ತಾನೆ, ಕೈಯಲ್ಲಿ ತಾಳ. ಅವನು ಒಂದು ಸಾಲು ಹೇಳಿದರೆ ಉಳಿದವರು ಸೊಲ್ಲು ಹಿಡೀತಾರೆ. ಸೊಲ್ಲು ಅಂದ್ರೆ ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುವ ಸಾಲು; ಕೋಲಾಟದ್ದಾದರೆ ಅದರಲ್ಲಿ ಕೋಲು ಅನ್ನೋ ಮಾತೇ ಸುತ್ತಿ ಸುತ್ತಿ ಬರುತ್ತೆ. ಒಂದು ಕೋಪಿನಿಂದ ಇನ್ನೊಂದಕ್ಕೆ ಹಾರಬೇಕಾದ್ದು ಯಾವಾಗ ಅನ್ನೋದನ್ನ ತೀರ್ಮಾನ ಮಾಡೋನು ಈ ಪದ ಎತ್ತುವವನೇ. ಸಾಲಿನ ಕೊನೆಯಲ್ಲಿ ಒಂದು ಕೂಗು ಹಾಕ್ತಾನೆ, ಅಥವಾ ದನಿ ಏರಿಸ್ತಾನೆ, ಇಲ್ಲಾ ತಾಳದಲ್ಲೇ ಒಂದು ಪೆಟ್ಟು ಬಿಟ್ಟು ಸೂಚನೆ ಕೊಡ್ತಾನೆ. ಸುತ್ತು ಇನ್ನೂ ಕೂಡಿಲ್ಲ, ಆ ಕಡೆಯವನೊಬ್ಬ ಹಿಂದೆ ಬಿದ್ದಿದ್ದಾನೆ ಅಂತ ಕಂಡರೆ ಸೊಲ್ಲನ್ನ ಇನ್ನೆರಡು ಸಲ ತಿರುಗಿಸ್ತಾನೆ. ಹಿಂದೆ ಬಿದ್ದವನು ಬಂದು ಸೇರ್ಕೊಂಡ ಮೇಲೇ ಮುಂದಿನ ಸಾಲು. ನಮ್ಮ ದೊಡ್ಡಪ್ಪ ಹುಡುಗರಿಗೆ ಕಲಿಸುವಾಗ ಹೇಳ್ತಿದ್ದದ್ದು ಒಂದೇ ಮಾತು: "ಕಾಲು ನೋಡ್ಕಬ್ಯಾಡ ಕಣ್ಲಾ ಮಗ, ಪದ ಕೇಳುಸ್ಕ."

ಹೀಗೆ ಎಳೆಯೋಕೆ ಕುಗ್ಗಿಸೋಕೆ ಬರುತ್ತೆ ಅಂದ್ರೆ ಅದಕ್ಕೆ ಕಾರಣ ಹಾಡುವವನ ಜಾಣತನ ಒಂದೇ ಅಲ್ಲ, ನಮ್ಮ ಛಂದಸ್ಸೂ ಹೌದು. ಪಿಯುಸಿಯಲ್ಲಿ ಕನ್ನಡ ಪೇಪರಿಗಾಗಿ ಬಾಯಿಪಾಠ ಹೊಡೆದು ಮರೆತದ್ದನ್ನ ನೆನಪಿಸಿಕೊಳ್ಳಿ. ಕೋಲಾಟದ ಪದಗಳೆಲ್ಲ ತ್ರಿಪದಿಯಲ್ಲ, ಆದರೆ ತ್ರಿಪದಿ ನಮ್ಮ ಜನಪದ ಹಾಡಿನ ಬೆನ್ನುಮೂಳೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರ ಹೊತ್ತಿಗೇ, ಅದು ಕಲ್ಲಿನ ಮೇಲಿದೆ. ಮೂರು ಸಾಲು, ಒಟ್ಟು 11 ಗಣ: ಮೊದಲ ಸಾಲಿಗೆ 4, ಎರಡನೆಯದಕ್ಕೆ 4, ಮೂರನೆಯದಕ್ಕೆ 3. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಮಿಕ್ಕದ್ದೆಲ್ಲ ವಿಷ್ಣುಗಣ. ಇವು ಅಂಶಗಣಗಳು. ಮಾತ್ರಾಗಣದ ಹಾಗೆ ಇಷ್ಟೇ ಮಾತ್ರೆ ಅಂತ ಲೆಕ್ಕ ಕಟ್ಟಿ ಕೂರಿಸಿದ್ದಲ್ಲ. ಹಾಡುವವನು ಒಂದು ಅಕ್ಷರವನ್ನ ಎಳೆದು ಜಾಗ ತುಂಬಬಹುದು, ನಾಲ್ಕು ಅಕ್ಷರವನ್ನ ಒತ್ತಿ ಅದೇ ಜಾಗಕ್ಕೆ ತುರುಕಬಹುದು. ಇನ್ನೂ ಒಂದು ಸೊಗಸಿದೆ. ಬರೆದಾಗ ಮೂರು ಸಾಲಿದ್ದದ್ದು ಹಾಡಿದಾಗ ನಾಲ್ಕಾಗುತ್ತೆ. ಎರಡನೇ ಸಾಲು ಮುಗಿಸಿ ಅದರದೇ ಒಂದು ಭಾಗವನ್ನ ಮತ್ತೆ ಎತ್ತಿಕೊಂಡು ಮೂರನೇ ಸಾಲಿಗೆ ಹೋಗ್ತಾರೆ. ಕುಣಿಯೋರ ದೃಷ್ಟಿಯಿಂದ ನೋಡಿದರೆ ಆ ಮರುಕಳಿಕೆ ಒಂದು ಉಸಿರು. ಜಾಗ ಸರಿಮಾಡಿಕೊಳ್ಳೋಕೆ, ಜೋಡಿಯ ಕಣ್ಣು ಹುಡುಕೋಕೆ ಸಿಗುವ ಸಮಯ.

ಈ ರಬ್ಬರಿನಂಥ ವಸ್ತುವನ್ನ ತಗೊಂಡು ಸ್ಟುಡಿಯೋದಲ್ಲಿ ಒಂದು ಕ್ಲಿಕ್ ಟ್ರ್ಯಾಕಿನ ಮೇಲೆ ಮಲಗಿಸಿದರೆ ಏನಾಗುತ್ತೆ? ಮೊದಲು ಆ ಉಸಿರು ಹೋಗುತ್ತೆ. ಆಮೇಲೆ ನಡೆ ಬದಲಾಗುತ್ತೆ. ನಮ್ಮ ಕಡೆಯ ಎಷ್ಟೋ ಪದಗಳು ಮೂರರ ನಡೆಯಲ್ಲಿ ಹೋಗ್ತವೆ, ತಮಟೆಯ ಪೆಟ್ಟೂ ಬಹಳ ಸಲ ಅದೇ ನಡೆ. ಡಿಜೆಗೆ ಅದು ಆಗಿಬರಲ್ಲ. ಅಡಿಗೆ ನಾಲ್ಕರ ಬೀಟ್ ಹಾಕಿ, ಮೇಲೆ ಹಾಡನ್ನ ಹೇಗೋ ಕೂರಿಸ್ತಾರೆ. ಅಂಥ ಟ್ರ್ಯಾಕಿಗೆ ಎಂಟು ಎಣಿಸೋದು ತಪ್ಪೇ ಅಲ್ಲ, ಅದರೊಳಗೆ ಎಂಟೇ ಇರೋದು. ಅದಕ್ಕೇ ಕೊರಿಯಾಗ್ರಫರ್‌ನ ಬೈದು ಪ್ರಯೋಜನವಿಲ್ಲ ಅಂತೀನಿ. ಪಾಪ, ಅವನ ಕೈಗೆ ಬಂದಾಗಲೇ ಹಾಡು ಹೆಣವಾಗಿತ್ತು, ಅವನು ಚಟ್ಟ ಚೆನ್ನಾಗಿ ಕಟ್ಟಿದ್ದಾನೆ.

ಇದು ಹಳೆ ಕಾಲದ ಹಂಬಲ ಅನ್ನೋರಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯ, ನಾಲ್ಕುನೂರು ವರ್ಷ ಹಿಂದಿನ ಒಂದು ಸಾಕ್ಷಿ ಕೊಡ್ತೀನಿ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನೋ ಇಟಲಿಯ ಪ್ರವಾಸಿ ಇಕ್ಕೇರಿಗೆ ಬಂದಿದ್ದ. ಕೆಳದಿಯ ವೆಂಕಟಪ್ಪ ನಾಯಕ ಆಳುತ್ತಿದ್ದ ಕಾಲ. ಬೀದಿಯಲ್ಲಿ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು, ಕೈಯಲ್ಲಿ ಬಣ್ಣ ಹಚ್ಚಿದ ಸಣ್ಣ ಕೋಲು ಹಿಡಿದು, ವಾದ್ಯಕ್ಕೆ ಸರಿಯಾಗಿ ತಾಗಿಸ್ತಾ ಸುತ್ತು ತಿರುಗಿ ಕುಣಿಯೋದನ್ನ ಅವನು ನೋಡಿ ಬರೆದಿಟ್ಟ. ಅವನ ಕಣ್ಣಿಗೆ ಬಿದ್ದದ್ದು ಬರೀ ಕೋಲು ಮತ್ತು ಹೂವಲ್ಲ. ಅವರಲ್ಲಿ ಚೆನ್ನಾಗಿ ಬಲ್ಲವಳೊಬ್ಬಳು ಒಂದು ಸಾಲು ಹಾಡ್ತಾಳೆ, ಅದು ಮುಗಿದ ಕೂಡಲೇ ಎಲ್ಲರೂ ಸೇರಿ "ಕೋಲೆ" ಅನ್ನೋ ಪದವನ್ನ ಏಳೆಂಟು ಸಲ ಹೇಳ್ತಾರೆ ಅಂತ ದಾಖಲಿಸಿದ್ದಾನೆ. ಆ ಪದದ ಅರ್ಥ ಅವನಿಗೆ ಗೊತ್ತಾಗಲಿಲ್ಲ, ಏನೋ ಸಂತೋಷದ ಉದ್ಗಾರ ಇರಬೇಕು ಅಂದುಕೊಂಡ. ಅರ್ಥ ತಿಳಿಯದಿದ್ದರೂ ಕಟ್ಟಡ ಅವನಿಗೆ ಕಂಡಿತ್ತು ನೋಡಿ: ಎತ್ತಿಕೊಡುವ ಒಂದು ದನಿ, ತುಂಬಿಕೊಡುವ ಹಲವು ದನಿ, ನಡುವೆ ಕೋಲಿನ ಪೆಟ್ಟು. ಏಳೋ ಎಂಟೋ ಅಂತ ಅವನು ಸಡಿಲವಾಗಿ ಬರೆದದ್ದೇ ನನಗೆ ಬಹಳ ಇಷ್ಟ. ಹಂಪಿಯ ಮಹಾನವಮಿ ದಿಬ್ಬದ ಮೇಲೂ ಕೋಲಾಟದವರ ಸಾಲಿದೆ, ಹೋದಾಗ ನೋಡಿ. ಆದರೆ ಕಲ್ಲು ಹಾಡಲ್ಲ. ಹಾಡಿನ ಲೆಕ್ಕ ಕೊಟ್ಟವನು ಈ ಪ್ರವಾಸಿ.

ಎಣಿಕೆಯ ಸಮಸ್ಯೆ ಅತಿ ಹೆಚ್ಚು ಬಯಲಾಗೋದು ಜಡೆ ಕೋಲಾಟದಲ್ಲಿ. ಮೇಲಿನ ತೊಲೆಗೋ ನಡುವೆ ನೆಟ್ಟ ಕಂಬದ ತುದಿಗೋ ಬಣ್ಣದ ಹಗ್ಗ ಕಟ್ಟಿರ್ತಾರೆ. ಎಷ್ಟು ಜನವೋ ಅಷ್ಟು ಹಗ್ಗ. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ. ಎದುರು ಬಂದ ಮೊದಲನೆಯವನನ್ನ ಹೊರಗಿನಿಂದ ದಾಟಿದರೆ, ಎರಡನೆಯವನನ್ನ ಒಳಗಿನಿಂದ. ಹೊರಗೆ, ಒಳಗೆ, ಹೊರಗೆ, ಒಳಗೆ. ದಾಟುವಾಗ ಕೋಲು ತಾಗಬೇಕು. ಮೇಲೆ ಜಡೆ ಹೆಣೆದುಕೊಳ್ತಾ ಕೆಳಗಿಳಿಯುತ್ತೆ.

ಈಗ ಸ್ವಲ್ಪ ಇಂಜಿನಿಯರಿಂಗ್. ಜಡೆ ಬೆಳೆದಂತೆ ಹಗ್ಗ ಗಿಡ್ಡ ಆಗುತ್ತೆ, ಸುತ್ತು ಕಿರಿದಾಗುತ್ತೆ. ಸುತ್ತು ಕಿರಿದಾದರೆ ಎದುರಿನವನು ಬೇಗ ಸಿಗ್ತಾನೆ. ಅಂದ್ರೆ ಶುರುವಿನಲ್ಲಿ ಎಂಟು ಹೆಜ್ಜೆಗೆ ಆಗುತ್ತಿದ್ದ ದಾಟು ಕೊನೆಕೊನೆಗೆ ನಾಲ್ಕೇ ಹೆಜ್ಜೆಗೆ ಬಂದುಬಿಡಬಹುದು. ಊರಲ್ಲಿ ಹಾಡುವವನು ಜಡೆ ನೋಡಿಕೊಂಡು ಪದ ಬಿಗಿ ಮಾಡ್ತಾ ಹೋಗ್ತಾನೆ, ಸಾಲಿನ ಎಳೆತ ಕಮ್ಮಿ ಮಾಡ್ತಾನೆ. ಕೋಲಾಟ ಕೊನೆಗೆ ಜೋರಾಗುತ್ತೆ ಅಂತೀವಲ್ಲ, ಜಡೆಯಲ್ಲಾದರೆ ಆ ಜೋರಿಗೆ ಹುಮ್ಮಸ್ಸಿನ ಜೊತೆಗೆ ಹಗ್ಗದ ಉದ್ದವೂ ಕಾರಣ. ಟ್ರ್ಯಾಕಿಗೆ ಹಗ್ಗ ಕಾಣಲ್ಲ. ಅದರ ಪಾಡಿಗೆ ಅದು ಅದೇ ವೇಗದಲ್ಲಿ ಹೋಗ್ತಾ ಇರುತ್ತೆ, ಕೆಳಗೆ ಹನ್ನೆರಡು ಜನ ಒಬ್ಬರ ಮೇಲೊಬ್ಬರು ಬೀಳ್ತಾ ಇರ್ತಾರೆ.

ಅಷ್ಟಕ್ಕೇ ಮುಗಿಯಲ್ಲ. ಜಡೆ ಕೋಲಾಟದ ಅರ್ಧ ಇರೋದು ಬಿಚ್ಚೋದರಲ್ಲಿ. ಹೆಣೆದದ್ದನ್ನ ಅದೇ ದಾರಿಯಲ್ಲಿ ಹಿಂದಕ್ಕೆ ನಡೆದು ಬಿಡಿಸಬೇಕು. ಇಲ್ಲೊಂದು ಮೋಸವಿದೆ. ಕೊನೆಯ ದಾಟು ಹೊರಗಿನಿಂದ ಆಗಿದ್ದರೆ, ಅಭ್ಯಾಸ ಬಲದಿಂದ ಮುಂದಿನದು ಒಳಗಿನಿಂದ ಅಂತ ಕಾಲು ಹೇಳುತ್ತೆ. ಆದರೆ ತಿರುಗಿ ನಿಂತ ಮೇಲೆ ಮೊದಲು ಬಿಡಿಸಬೇಕಾದ್ದು ಆ ಕೊನೆಯ ದಾಟನ್ನೇ, ಹಾಗಾಗಿ ಮತ್ತೆ ಹೊರಗಿನಿಂದಲೇ ಹೋಗಬೇಕು. ಕೊನೆಗೆ ಹಾಕಿದ್ದು ಮೊದಲು ಈಚೆಗೆ. ಡೇಟಾ ಸ್ಟ್ರಕ್ಚರ್ ಓದಿದವರಿಗೆ ಸ್ಟ್ಯಾಕ್ ಅಂದ್ರೆ ಸಾಕು. ಹನ್ನೆರಡು ಜನರಲ್ಲಿ ಒಬ್ಬ ತಪ್ಪಿದರೂ ಗಂಟು. ಅದಕ್ಕೇ ಬಲ್ಲ ಹಾಡುಗಾರ ತಿರುಗುವ ಜಾಗದಲ್ಲಿ ಪದ ನಿಲ್ಲಿಸಿ ಬರೀ ಸೊಲ್ಲು ಓಡಿಸ್ತಾನೆ. ಎಲ್ಲರೂ ತಿರುಗಿ, ಯಾರು ಹೊರಗೆ ಯಾರು ಒಳಗೆ ಅಂತ ಖಾತ್ರಿ ಮಾಡ್ಕೊಳ್ಳೋವರೆಗೂ ಸೊಲ್ಲು ಹೋಗ್ತಾನೇ ಇರುತ್ತೆ. ಅದು ಮೂರು ಸಲವೂ ಆಗಬಹುದು, ಹತ್ತು ಸಲವೂ ಆಗಬಹುದು.

ವೇದಿಕೆಯಲ್ಲಿ ನಾನು ನೋಡಿದ ಜಡೆ ಕೋಲಾಟಗಳಲ್ಲಿ ಬಿಚ್ಚಿದ್ದು ನೋಡಿದ್ದು ಒಂದೋ ಎರಡೋ. ಮಿಕ್ಕದ್ದರಲ್ಲಿ ಜಡೆ ಚೆನ್ನಾಗಿ ಕಂಡ ಹೊತ್ತಿಗೆ ಹಾಡು ಮುಗೀತು, ಚಪ್ಪಾಳೆ ಬಿತ್ತು, ಹಗ್ಗ ಕೈಬಿಟ್ಟು ಎಲ್ಲರೂ ಫೋಟೋಗೆ ನಿಂತರು. ಒಂದು ಸಲವಂತೂ ಈವೆಂಟಿನ ಹುಡುಗ ಕತ್ತರಿ ತಂದು ಕಚಕ್ ಅಂತ ಕತ್ತರಿಸಿದ. ಸಭೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ, ಯಾಕಂದ್ರೆ ಬಿಚ್ಚೋದು ಅಂತ ಒಂದು ಇದೆ ಅನ್ನೋದೇ ಗೊತ್ತಿರಲಿಲ್ಲ. ನೋಡುಗರನ್ನ ಹೀಗೆ ತಯಾರು ಮಾಡಿದ್ದೀವಿ ನಾವು. ವಿಮರ್ಶೆ ಅಂತ ಮಾಡೋದಾದರೆ ಇದನ್ನೇ ಮಾಡಬೇಕು: ಪೇಟದ ಬಣ್ಣ ಬಿಟ್ಟು, ಅರ್ಧ ಆಟವನ್ನೇ ಪೂರ್ತಿ ಅಂತ ಮಾರಿದ್ದನ್ನ.

ಹಗ್ಗ ಹೆಣೆಯೋದು ನಮ್ಮ ಕಡೆ ಮಾತ್ರ ಇದೆ ಅಂತ ಎದೆ ತಟ್ಟಿಕೊಳ್ಳಬೇಡಿ. ಸ್ಪೇನ್ ಮತ್ತು ಫ್ರಾನ್ಸ್ ನಡುವೆ ಬಾಸ್ಕ್ ಜನರ ನಾಡಿದೆ, ಅವರಲ್ಲಿ ಕಂಬಕ್ಕೆ ಕಟ್ಟಿದ ಪಟ್ಟಿಗಳನ್ನ ಹೆಣೆಯುವ ಜಿಂತಾ ದಾಂತ್ಸಾ ಇದೆ, ಕೋಲು ಹೊಡೆಯುವ ಮಕಿಲ್ ದಾಂತ್ಸಾ ಇದೆ. ಒಂದು ರಾತ್ರಿ ಪ್ರೊಡಕ್ಷನ್ ಡೆಪ್ಲಾಯ್‌ಮೆಂಟಿಗೆ ಕಾಯ್ತಾ ಅವರ ವಿಡಿಯೋಗಳನ್ನ ಒಂದಾದ ಮೇಲೊಂದು ನೋಡ್ದೆ. ವಾದ್ಯ ನುಡಿಸೋನು ಒಬ್ಬನೇ. ಎಡಗೈಯಲ್ಲಿ ಮೂರು ತೂತಿನ ಚಿಸ್ತು ಕೊಳಲು, ಅದೇ ತೋಳಿಗೆ ನೇತು ಹಾಕಿದ ಸಣ್ಣ ಚರ್ಮವಾದ್ಯ, ಬಲಗೈಯಲ್ಲಿ ಅದಕ್ಕೊಂದು ಕಡ್ಡಿ. ಕಣ್ಣು ಕುಣಿಯುವವನ ಕಾಲ ಮೇಲೆ. ಅವರ ಸೊರ್ತ್ಸಿಕೊ ಅನ್ನೋ ಧಾಟಿ ಐದರ ನಡೆಯದು, ನಮ್ಮ ಖಂಡ ನಡೆ ಅಂದುಕೊಳ್ಳಿ. ಮೂರೂ ಅಲ್ಲ ನಾಲ್ಕೂ ಅಲ್ಲದ ಆ ಕುಂಟು ನಡೆಯನ್ನ ಅವರು ತಮ್ಮ ಗುರುತು ಅಂತ ಹೆಮ್ಮೆಯಿಂದ ಹೇಳ್ಕೊಳ್ತಾರೆ. ನಾವು ಮೂರನ್ನೇ ಉಳಿಸ್ಕೊಳ್ಳೋಕೆ ಒದ್ದಾಡ್ತಾ ಇದ್ದೀವಿ.

ಊರಿನದ್ದೆಲ್ಲ ಚಿನ್ನ ಅಂತ ಹೇಳೋಕೂ ನನಗೆ ಮನಸ್ಸಿಲ್ಲ. ನಾನು ಬೆಳೆದ ಕಡೆ ಕೋಲಾಟ ಅಂದ್ರೆ ಗಂಡಸರದು. ಅಕ್ಕಂದಿರು ಜಗುಲಿ ಮೇಲೆ ಕೂತು ನೋಡ್ತಿದ್ದರು, ಪದ ಅವರಿಗೂ ಅಷ್ಟೇ ಚೆನ್ನಾಗಿ ಬರ್ತಿತ್ತು. ಇಕ್ಕೇರಿಯ ಬೀದಿಯಲ್ಲಿ ನಾನೂರು ವರ್ಷದ ಹಿಂದೆ ಹೆಣ್ಣುಮಕ್ಕಳು ಆಡಿದ್ದನ್ನ ನಮ್ಮ ಹಟ್ಟಿ ಮುಂದೆ ಆಡೋ ಹಾಗಿರಲಿಲ್ಲ. ತಮಟೆ ಬಡಿದು ಇಡೀ ರಾತ್ರಿಯನ್ನ ಎತ್ತಿ ನಿಲ್ಲಿಸ್ತಿದ್ದವರು ಸುತ್ತಿನ ಹೊರಗೇ ನಿಲ್ತಿದ್ದರು. ಅವರ ಕೈಗೆ ಯಾರೂ ಕೋಲು ಕೊಟ್ಟದ್ದು ನಾನು ನೋಡಿಲ್ಲ. ಟೆಕ್ ಪಾರ್ಕಿನ ಸುತ್ತಿನಲ್ಲಿ ಈ ಎರಡೂ ಗೋಡೆ ಇಲ್ಲ. ಯಾವ ಊರು ಯಾವ ಮನೆ ಅಂತ ಕೇಳದೆ ಕೋಲು ಕೊಡ್ತಾರೆ, ಬಳ್ಳಾರಿಯವಳ ಪಕ್ಕ ಪಾಟ್ನಾದವನು ನಿಂತಿರ್ತಾನೆ. ಈ ಒಂದು ವಿಷಯದಲ್ಲಿ ನಮ್ಮೂರಿಗಿಂತ ಆ ವೇದಿಕೆ ಎಷ್ಟೋ ಮೇಲು, ಅದನ್ನ ಒಪ್ಪಿಕೊಳ್ಳದೆ ಮಾಡುವ ಟೀಕೆಗೆ ಬೆಲೆಯಿಲ್ಲ. ನನ್ನ ಸಂಕಟ ಇಷ್ಟೇ: ಸುತ್ತು ಎಲ್ಲರಿಗೂ ತೆರೆದುಕೊಂಡ ಹೊತ್ತಿಗೆ ಸರಿಯಾಗಿ ಅದರೊಳಗಿನ ದನಿಯನ್ನ ತೆಗೆದು ಸ್ಪೀಕರ್ ಇಟ್ಟುಬಿಟ್ಟೆವು.

ಉಳಿಸೋ ಕೆಲಸ ನಡೆದಿಲ್ಲ ಅಂತಲ್ಲ. ನಮ್ಮ ಜಿಲ್ಲೆಯವರೇ ಆದ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸುವ ಕಾರುಗಳಲ್ಲಿ ಹತ್ತಕ್ಕೊಂದಾದರೂ ಆ ಗೇಟಿನೊಳಗೆ ತಿರುಗಿದರೆ ಚೆನ್ನಾಗಿತ್ತು. ಈಗಂತೂ ಎಲ್ಲರ ಕೈಯಲ್ಲೂ ಕ್ಯಾಮೆರಾ. ಊರ ಹಬ್ಬಕ್ಕೆ ಡ್ರೋನ್ ಬರುತ್ತೆ. ಮೇಲಿಂದ ತೆಗೆದ ಕೋಲಾಟ ನೋಡೋಕೆ ರಂಗೋಲಿ ಬಿಡಿಸಿದ ಹಾಗಿರುತ್ತೆ, ಯಾವ ಕೋಪಿನಲ್ಲಿ ಯಾರು ಎಲ್ಲಿಗೆ ಹೋದರು ಅಂತ ಸ್ಪಷ್ಟ ಕಾಣುತ್ತೆ. ದನಿ ಮಾತ್ರ ಇರಲ್ಲ. ಡ್ರೋನಿನ ಗುಂಯ್ ಅನ್ನೋ ಸದ್ದು ತೆಗೆದು ಅದರ ಮೇಲೆ ಸಿನಿಮಾ ಹಾಡು ಹಾಕಿ ರೀಲ್ಸ್ ಬಿಡ್ತಾರೆ.

ಸಾಫ್ಟ್‌ವೇರಿನವರಿಗೆ ಅರ್ಥವಾಗೋ ಹಾಗೆ ಹೇಳಬೇಕಂದ್ರೆ, ವಿಡಿಯೋದಲ್ಲಿ ಸಿಗೋದು ಒಂದು ಸಲ ಓಡಿಸಿದ ಪ್ರೋಗ್ರಾಮಿನ ಔಟ್‌ಪುಟ್. ಆ ರಾತ್ರಿ, ಅಷ್ಟು ಜನಕ್ಕೆ, ಆ ಹಗ್ಗದ ಉದ್ದಕ್ಕೆ ಬಂದ ಉತ್ತರ. ಸೋರ್ಸ್ ಕೋಡ್ ಇರೋದು ಪದ ಎತ್ತುವವನ ತಲೆಯಲ್ಲಿ: ಯಾರಾದರೂ ಹಿಂದೆ ಬಿದ್ದರೆ ಏನು ಮಾಡಬೇಕು, ಜಡೆ ಎಲ್ಲಿಗೆ ಬಂದಾಗ ಬಿಗಿ ಮಾಡಬೇಕು, ಹೊಸ ಹುಡುಗರಿದ್ದರೆ ಯಾವ ಕೋಪು ಬಿಡಬೇಕು, ಯಾವ ಸಾಲಿನ ಮೇಲೆ ಕೂಗು ಹಾಕಬೇಕು. ಇದ್ಯಾವುದೂ ಡ್ರೋನಿಗೆ ಸಿಗಲ್ಲ. ಕೇಳಿದರೆ ಅವರು ಹೇಳ್ತಾರೆ, ನಾವು ಕೇಳಲ್ಲ ಅಷ್ಟೇ. ನಮ್ಮ ಕಡೆ ಈಗ ಪದ ಎತ್ತುವವರು ಅರವತ್ತು ದಾಟಿದವರು. ಕೋಲು ಹೊಡೆಯೋ ಹುಡುಗರಿಗೆ ಬರವಿಲ್ಲ. ಕಬ್ಬಿನ ಲೋಡು ಕಾರ್ಖಾನೆಗೆ ಬಿಟ್ಟು ಬಂದು ರಾತ್ರಿ ಹತ್ತಕ್ಕೆ ಕೋಲು ಹಿಡೀತಾರೆ. ಹಾಡೋಕೆ ಹೇಳಿದರೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಬ್ಲೂಟೂತ್ ಸ್ಪೀಕರ್ ತರ್ತಾರೆ.

ಕಂಪನಿಯ ಕನ್ನಡ ಬಳಗದವರಿಗೆ ಹೋದ ವರ್ಷ ಒಂದು ಸಲಹೆ ಕೊಟ್ಟಿದ್ದೆ. ಟ್ರ್ಯಾಕ್ ಬೇಡ, ನಮ್ಮಲ್ಲೇ ಯಾರಾದರೂ ಹಾಡಲಿ, ಮಿಕ್ಕವರು ಸೊಲ್ಲು ಹಿಡೀಲಿ, ತಪ್ಪಿದರೆ ತಪ್ಪಲಿ ಅಂತ. ಸಮಯ ಎಷ್ಟಾಗುತ್ತೆ ಅಂತ ಕೇಳಿದರು. ಗೊತ್ತಿಲ್ಲ, ಆರು ನಿಮಿಷವೂ ಆಗಬಹುದು ಒಂಬತ್ತೂ ಆಗಬಹುದು ಅಂದೆ. ಕ್ಯಾಲೆಂಡರಿನಲ್ಲಿ ಹಾಗೆ ಹಾಕೋಕೆ ಬರಲ್ಲ ಅಂತ ನಕ್ಕರು. ಈ ವರ್ಷ ಹತ್ತು ನಿಮಿಷದ ಸ್ಲಾಟ್ ಕೊಟ್ಟಿದ್ದಾರೆ. ಹಾಡೋಕೆ ಮುಂದೆ ಬಂದವಳು ಟೆಸ್ಟಿಂಗ್ ಟೀಮಿನ ಮಳವಳ್ಳಿ ಕಡೆಯ ಹುಡುಗಿ. ಅವರಜ್ಜಿ ಹೇಳ್ತಿದ್ದ ಪದಗಳು ಅವಳಿಗೆ ಬರ್ತವೆ. ಹಗ್ಗ ಹನ್ನೆರಡು, ಜನ ಹತ್ತು ಆಗಿದ್ದೀವಿ. ಇನ್ನಿಬ್ಬರು ಬೇಕು.